ಹೆಡ್ ಬಿಚ್ಚೋಕೆ ಮುಂಚೆ ನೀರು ಎಲ್ಲಿ ಹೋಯ್ತು ಅಂತ ಕೇಳು

ಮಗಾ,

ನಿಮ್ಮಪ್ಪ ಫೋನ್ ಮಾಡಿ ಎಲ್ಲಾ ಹೇಳಿದ. ಪಿಕಪ್ಪು ನೀರು ಕುಡೀತಿದೆಯಂತೆ. ಗುಂಡ್ಯ ದಾಟಿ ಶಿರಾಡಿ ಹತ್ತೋಕೆ ಶುರು ಮಾಡಿದರೆ ಸಾಕು, ಹೀಟಿನ ಮುಳ್ಳು ಮೇಲೇಳುತ್ತೆ, ಮಾರನಹಳ್ಳಿ ಹೊತ್ತಿಗೆ ಕೆಂಪು ಮುಟ್ಟುತ್ತೆ. ಮೆಕ್ಯಾನಿಕ್ಕು ಬಾನೆಟ್ ಎತ್ತಿ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಗಾಡಿ ಬಿಟ್ಟು ಹೋಗು, ನಾಳೆ ಸಂಜೆಗೆ ರೆಡಿ" ಅಂದನಂತೆ. ನೀನು ಹೂಂ ಅನ್ನೋಕೆ ಮುಂಚೆ ಇದನ್ನ ಓದು. ಫೋನಿನಲ್ಲಿ ಹೇಳಿದರೆ ಅರ್ಧ ಗಾಳಿಗೆ ಹೋಗುತ್ತೆ, ಅದಕ್ಕೇ ಬರೆದು ಕಳಿಸ್ತಿದ್ದೀನಿ.

ಹೋಗಿರೋದು ಗ್ಯಾಸ್ಕೆಟ್ಟೇ ಇರಬಹುದು. ಆದರೆ ಗ್ಯಾಸ್ಕೆಟ್ಟು ತಾನಾಗಿ ಹೋಗೋದು ಬಹಳ ಅಪರೂಪ ಕಣಪ್ಪ. ಅದನ್ನ ಯಾವುದೋ ಒಂದು ಸುಟ್ಟಿರುತ್ತೆ. ಸುಟ್ಟವನನ್ನ ಹಿಡಿಯದೆ ಹೊಸ ಗ್ಯಾಸ್ಕೆಟ್ ಕೂರಿಸಿದರೆ ಅದನ್ನೂ ಅವನೇ ಸುಡ್ತಾನೆ. ನನ್ನ ಗ್ಯಾರೇಜಿಗೆ ಬರ್ತಿದ್ದ ಗಾಡಿಗಳಲ್ಲಿ ಎಷ್ಟೋ ಗಾಡಿ ಬೇರೆ ಕಡೆ ಒಂದು ಸಲ, ಎರಡು ಸಲ ಹೆಡ್ ಬಿಚ್ಚಿಸಿಕೊಂಡು ಬಂದವೇ. ಪ್ರತಿ ಸಲವೂ ಹೊಸ ಗ್ಯಾಸ್ಕೆಟ್ಟು, ಪ್ರತಿ ಸಲವೂ ಅದೇ ಹಳೇ ರೇಡಿಯೇಟರು.

ಆ ಗ್ಯಾಸ್ಕೆಟ್ಟು ಏನನ್ನ ತಡೆದುಕೊಂಡು ಕೂತಿದೆ ಅನ್ನೋದು ಮೊದಲು ತಿಳಿ. ನಿನ್ನದು ಬೊಲೆರೊ ಪಿಕಪ್ಪು, ಹಳೇ ಡಿಐ ಇಂಜಿನ್. 2523 ಸಿಸಿ, ನಾಲ್ಕು ಸಿಲಿಂಡರು. ಒಂದೊಂದರ ಬೋರು 88.9 ಮಿ.ಮೀ., ಹಳೇ ಲೆಕ್ಕದಲ್ಲಿ ಮೂರೂವರೆ ಇಂಚು. ಲೋಡಿನ ಮೇಲೆ ಡೀಸೆಲ್ ಹೊತ್ತಿಕೊಂಡಾಗ ಒಳಗೆ 100 ಬಾರ್ ಒತ್ತಡ ಅಂತ ಇಟ್ಟುಕೊಂಡರೂ ಹೆಡ್ಡನ್ನ ಮೇಲಕ್ಕೆ ತಳ್ಳೋ ಬಲ ಆರು ಟನ್ನಿನ ಮೇಲಾಯ್ತು. 2000 ಆರ್‌ಪಿಎಂನಲ್ಲಿ ಓಡ್ತಿದ್ದರೆ ಒಂದೊಂದು ಸಿಲಿಂಡರು ನಿಮಿಷಕ್ಕೆ ಸಾವಿರ ಸಲ ಹೀಗೆ ತಳ್ಳುತ್ತೆ. ಇದನ್ನ ತಡೆಯೋ ಜೊತೆಗೆ, ಪಕ್ಕದಲ್ಲೇ ಹರಿಯೋ ಬಿಸಿನೀರನ್ನೂ ಆಯಿಲನ್ನೂ ಒಂದಕ್ಕೊಂದು ಸೇರದ ಹಾಗೆ ಅದೇ ತೆಳ್ಳಗಿನ ಹಾಳೆ ಕಾಯಬೇಕು. ಹೆಡ್ಡು ಬ್ಲಾಕಿನ ಮೇಲೆ ಬಿಗಿಯಾಗಿ, ಸಪಾಟಾಗಿ ಕೂತಿರೋವರೆಗೆ ಅದು ವರ್ಷಗಟ್ಟಲೆ ಕಾಯುತ್ತೆ. ಇಂಜಿನ್ ಒಂದೇ ಒಂದು ಸಲ ಮಿತಿಮೀರಿ ಕಾದರೂ ಹೆಡ್ಡು ಕೂದಲೆಳೆಯಷ್ಟು ಬಾಗುತ್ತೆ. ಬೀಡಿನ ಹೆಡ್ಡು ಸ್ವಲ್ಪ ತಡೆದುಕೊಳ್ಳುತ್ತೆ. ಅಲ್ಯೂಮಿನಿಯಂ ಹೆಡ್ಡು ಬೀಡಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗೋ ಲೋಹ, ಅದು ಬೇಗ ಬಾಗುತ್ತೆ. ಬಾಗಿದ ಜಾಗದಲ್ಲಿ ಬೆಂಕಿ ನುಗ್ಗೋಕೆ ದಾರಿಯಾಯ್ತು ಅಂತಲೇ ಲೆಕ್ಕ.

ಈಗ ನಿಜವಾಗಲೂ ಗ್ಯಾಸ್ಕೆಟ್ಟೇ ಹೋಗಿದೆಯಾ ಅಂತ ನೀನೇ ನೋಡಿಕೋ. ಬೆಳಗ್ಗೆ, ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಬಾಯಿಮಟ್ಟ ನೀರು ತುಂಬು. ಒಬ್ಬನಿಗೆ ಸ್ಟಾರ್ಟ್ ಮಾಡೋಕೆ ಹೇಳಿ, ನೀನು ಮುಖ ದೂರ ಇಟ್ಟುಕೊಂಡು ನೀರನ್ನೇ ನೋಡ್ತಾ ನಿಲ್ಲು. ಶುರುವಿನಲ್ಲಿ ಒಂದೆರಡು ಗುಳ್ಳೆ ಬಂದು ನಿಂತರೆ ಅದು ಒಳಗೆ ಸಿಕ್ಕಿಕೊಂಡಿದ್ದ ಗಾಳಿ, ಹೆದರಬೇಡ. ಇಂಜಿನ್ ಇನ್ನೂ ಬೆಚ್ಚಗಾಗೋ ಮುಂಚೆಯೇ ಸಣ್ಣ ಸಣ್ಣ ಗುಳ್ಳೆ ಬಿಡದೆ ಬರ್ತಾ ಇದ್ದರೆ, ಆಕ್ಸಿಲರೇಟರ್ ಒತ್ತಿದಾಗ ಇನ್ನೂ ಜೋರಾದರೆ, ಬೆಂಕಿಯ ಒತ್ತಡ ನೀರಿಗೆ ಸೇರ್ತಿದೆ ಅಂತ ಅರ್ಥ. ಇನ್ನೂ ಖಾತ್ರಿ ಬೇಕು ಅಂದರೆ ಫ್ಯಾನ್ ಬೆಲ್ಟ್ ಕಳಚಿ ಇದನ್ನೇ ಮಾಡು. ನೀರು ತಳ್ಳೋ ಪಂಪು, ಅಂದರೆ ವಾಟರ್ ಬಾಡಿ, ತಿರುಗದೆ ಇರೋದರಿಂದ ನೀರು ನಿಂತೇ ಇರುತ್ತೆ, ಗುಳ್ಳೆ ಎದ್ದು ಕಾಣುತ್ತೆ. ಹೀಗೆ ಓಡಿಸೋದು ಒಂದು ನಿಮಿಷದೊಳಗೆ ಮುಗಿಯಬೇಕು.

ಇನ್ನೊಂದು ಸುಳಿವು ಮೇಲಿನ ಹೋಸ್ ಪೈಪಿನಲ್ಲಿದೆ. ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆಲ್ಲ, ನೀರು ಇನ್ನೂ ಉಗುರುಬೆಚ್ಚಗೆ ಇರುವಾಗಲೇ ಹೋಸು ಕಲ್ಲಿನ ಹಾಗೆ ಬಿಗಿದರೆ ಅದು ಬಿಸಿಯಿಂದ ಬಂದ ಒತ್ತಡವಲ್ಲ. ಆಯಿಲ್ ಹಾಕೋ ಮುಚ್ಚಳದ ಒಳಗಡೆ ಕೆನೆಬಣ್ಣದ ಲೊಳೆ ಇದೆಯಾ ನೋಡು. ಇಲ್ಲಿ ಒಂದು ಎಚ್ಚರಿಕೆ: ಸಕಲೇಶಪುರದ ಮಳೆಗಾಲದಲ್ಲಿ ಗಾಡಿ ಬರೀ ಪೇಟೆಯೊಳಗೆ ಓಡಾಡಿಕೊಂಡಿದ್ದರೂ ಮುಚ್ಚಳದಲ್ಲಿ ತೇವ ಕಟ್ಟಿ ಸ್ವಲ್ಪ ಲೊಳೆ ಆಗುತ್ತೆ. ಅಳತೆ ಕಡ್ಡಿ ಎಳೆದು ನೋಡು. ಕಡ್ಡಿಯಲ್ಲೂ ಆಯಿಲು ಬಿಳಿಚಿಕೊಂಡಿದ್ದರೆ, ಮಟ್ಟ ಏರಿದ್ದರೆ, ಆಗ ನೀರು ಕೆಳಗಿಳಿದಿದೆ ಅನ್ನೋದು ಖಂಡಿತ. ಸೈಲೆನ್ಸರಿನಲ್ಲಿ ಬೆಳಗಿನ ಹೊಗೆ ಬಿಳಿಯಾಗಿ, ಇಂಜಿನ್ ಕಾದ ಮೇಲೂ ನಿಲ್ಲದೆ, ಒಂಥರಾ ಸಿಹಿ ವಾಸನೆ ಹೊಡೆದರೆ ಕೂಲೆಂಟು ಸಿಲಿಂಡರೊಳಗೆ ಉರೀತಿದೆ. ನೀರು ಎಲ್ಲೂ ಸೋರದೆ, ಆಯಿಲೂ ಕೆಡದೆ, ಇಂಜಿನ್ ಬರೀ ಮಿಸ್ ಹೊಡೀತಾ ಶಕ್ತಿ ಕಳಕೊಂಡರೆ ಕಂಪ್ರೆಷನ್ ಗೇಜ್ ಇರೋ ಗ್ಯಾರೇಜಿಗೆ ಹೋಗು. ಪಕ್ಕಪಕ್ಕದ ಎರಡು ಸಿಲಿಂಡರು ಮಾತ್ರ ಕಡಿಮೆ ತೋರಿಸಿದರೆ ಅವೆರಡರ ನಡುವಿನ ಸಣ್ಣ ಸೇತುವೆ ಸುಟ್ಟಿದೆ.

ಹಾಗಂತ ನೀರಿನಲ್ಲಿ ಆಯಿಲ್ ಕಂಡ ತಕ್ಷಣ ಹೆಡ್ಡಿಗೇ ಕೈ ಹಾಕಿಸಬೇಡ. ಆಯಿಲ್ ಕೂಲರ್ ಇರೋ ಇಂಜಿನ್ನಿನಲ್ಲಿ ಅದು ಒಳಗೆ ತೂತಾದರೂ ಇದೇ ಲಕ್ಷಣ. ನೀರು ಕಡಿಮೆಯಾಗೋದಕ್ಕಂತೂ ನೂರು ದಾರಿ. ವಾಟರ್ ಬಾಡಿಯ ಕೆಳಗೆ ಒಂದು ಸಣ್ಣ ತೂತು ಇರುತ್ತೆ, ಅಲ್ಲಿಂದ ಹನಿ ಬೀಳ್ತಿದ್ದರೆ ಒಳಗಿನ ಸೀಲು ಹೋಗಿದೆ. ಬ್ಲಾಕಿನ ಪಕ್ಕದ ವೆಲ್ಚ್ ಪ್ಲಗ್ಗು ತುಕ್ಕು ತಿಂದಿರಬಹುದು. ಇಂಜಿನ್ ಬಿಸಿಗೆ ಆ ಹನಿ ಅಲ್ಲೇ ಆರಿಹೋಗಿ ನೆಲದ ಮೇಲೆ ಏನೂ ಕಾಣೋದಿಲ್ಲ, ಬಿಳಿ ಅಥವಾ ಹಸಿರು ಕಲೆ ಮಾತ್ರ ಉಳಿದಿರುತ್ತೆ. ಟಾರ್ಚ್ ಹಿಡಿದು ಆ ಕಲೆ ಹುಡುಕು. ರೇಡಿಯೇಟರಿಗೆ ಕೈಪಂಪಿನಿಂದ ಗಾಳಿ ಒತ್ತಡ ಕೊಟ್ಟು ನೋಡೋ ಸಾಧನ ಬರುತ್ತೆ. ಅದನ್ನ ಹಾಕಿಸಿ ಒಂದು ರಾತ್ರಿ ಬಿಟ್ಟರೆ ಎಲ್ಲಿ ಸೋರ್ತಿದೆ ಅನ್ನೋದು ಬೆಳಗ್ಗೆ ಕಣ್ಣಿಗೇ ಕಾಣುತ್ತೆ. ಇಷ್ಟು ಮಾಡೋಕೆ ಒಪ್ಪದೆ ನೇರ ಹೆಡ್ ಬಿಚ್ತೀನಿ ಅನ್ನೋವನ ಹತ್ತಿರ ಗಾಡಿ ಬಿಡಬೇಡ.

ಇನ್ನು ಸುಟ್ಟವರು ಯಾರು ಅನ್ನೋ ವಿಚಾರ. ಇದರಲ್ಲಿ ನಾನು ಸ್ವಲ್ಪ ಹೊತ್ತು ನಿಲ್ತೀನಿ, ಯಾಕಂದರೆ ನಿನ್ನ ದುಡ್ಡು ಉಳಿಯೋದೂ ಹೋಗೋದೂ ಇಲ್ಲೇ.

ನೀನು ರೇಡಿಯೇಟರಿಗೆ ಹಾಕೋದು ಯಾವ ನೀರು? ಅರಸೀಕೆರೆ ಕಡೆ ಆಲೂಗಡ್ಡೆ ಲೋಡಿಗೆ ಹೋದಾಗ ಅಲ್ಲೇ ಯಾವುದೋ ಬೋರ್‌ವೆಲ್ಲಿನ ನಲ್ಲಿಗೆ ಬಾಟಲಿ ಹಿಡೀತೀಯ ತಾನೆ? ಅದು ಗಡಸು ನೀರು. ಅಡುಗೆಮನೆಯಲ್ಲಿ ಆ ನೀರು ಕಾಯಿಸಿದ ಪಾತ್ರೆಯ ತಳ ನೋಡಿದ್ದೀಯಲ್ಲ, ಬೆಳ್ಳಗೆ ಸುಣ್ಣ ಕಟ್ಟಿರುತ್ತೆ. ಇಂಜಿನ್ನಿನೊಳಗೂ ಅದೇ ಸುಣ್ಣ ಕಟ್ಟೋದು. ರೇಡಿಯೇಟರಿನ ನಾಳಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. ಹೆಡ್ಡಿನೊಳಗೆ ವಾಲ್ವುಗಳ ಸುತ್ತ ನೀರು ಹರಿಯೋ ಸಂದಿಯಲ್ಲೂ ಪೊರೆ ಬೆಳೆಯುತ್ತೆ. ಬಿಸಿ ಹೆಚ್ಚಾಗಿರೋ ಜಾಗವೇ ಅದು, ಅಲ್ಲಿಂದಲೇ ಬಿಸಿ ಹೊರಗೆ ಹೋಗೋದು ನಿಲ್ಲುತ್ತೆ. ಮುಳ್ಳು ಮಾತ್ರ ಸಮತಟ್ಟಿನ ರಸ್ತೆಯಲ್ಲಿ ಏನೂ ಆಗದ ಹಾಗೆ ನಡುವಿನಲ್ಲೇ ನಿಂತಿರುತ್ತೆ. ಘಾಟಿ ಬಂದಾಗ ಗೊತ್ತಾಗೋದು.

ಅದಕ್ಕೇ ಕೂಲೆಂಟು ಅನ್ನೋದು ಶೋಕಿಯಲ್ಲ ಮಗಾ. ಎಥಿಲೀನ್ ಗ್ಲೈಕಾಲ್ ಇರೋ ಒಳ್ಳೆ ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಅರ್ಧ. ನಮ್ಮೂರಿನಲ್ಲಿ ನೀರು ಹೆಪ್ಪುಗಟ್ಟೋದಿಲ್ಲವಲ್ಲ, ಅದ್ಯಾಕೆ ಬೇಕು ಅಂತ ಕೇಳೋರಿದ್ದಾರೆ. ತುಕ್ಕು ಹಿಡಿಯದ ಹಾಗೆ ಕಾಯೋ ಔಷಧ ಅದರಲ್ಲಿ ಬೆರೆತಿರುತ್ತೆ, ಕುದಿಯೋ ಬಿಂದುವನ್ನೂ ಕೂಲೆಂಟು ಮೇಲೇರಿಸುತ್ತೆ. ಆ ಔಷಧ ಕಾಲ ಕಳೆದ ಹಾಗೆ ಸವೆಯುತ್ತೆ, ಬಣ್ಣ ಮಾತ್ರ ಹಸಿರಾಗೇ ಉಳಿಯುತ್ತೆ. ಬಣ್ಣ ನೋಡಿ ಮೋಸ ಹೋಗಬೇಡ. ಡಬ್ಬಿಯ ಮೇಲೆ ಬರೆದ ಅವಧಿ ನೋಡಿಕೊಂಡು ಎರಡು ಮೂರು ವರ್ಷಕ್ಕೊಮ್ಮೆ ಪೂರ್ತಿ ಇಳಿಸಿ ಹೊಸದು ತುಂಬು.

ರೇಡಿಯೇಟರಿನ ಮುಚ್ಚಳವನ್ನ ಯಾರೂ ಲೆಕ್ಕಕ್ಕೇ ಇಡೋದಿಲ್ಲ. ಸಕಲೇಶಪುರ ಸಮುದ್ರಮಟ್ಟದಿಂದ ಹೆಚ್ಚುಕಡಿಮೆ 950 ಮೀಟರು ಎತ್ತರ. ಇಷ್ಟು ಎತ್ತರದಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತೆ. ಮುಚ್ಚಳದ ಸ್ಪ್ರಿಂಗು 0.9 ಬಾರ್ ಒತ್ತಡ ಹಿಡಿದಿಟ್ಟರೆ ಅದೇ ನೀರು ಸುಮಾರು 117 ಡಿಗ್ರಿಯವರೆಗೂ ಕುದಿಯದೆ ನಿಲ್ಲುತ್ತೆ. ಅಂದರೆ ಮುಚ್ಚಳದ ರಬ್ಬರು ಸೀಳಿದ್ದರೆ ನಿನ್ನ ಕೈಲಿರೋ 20 ಡಿಗ್ರಿ ಹೋಯ್ತು, ಅದೂ ಗಾಡಿ ಲೋಡಿನ ಮೇಲೆ ಘಾಟಿಯ ತುದಿ ತಲುಪಿದಾಗ. ಗ್ಯಾಸ್ಕೆಟ್ಟಿಗಿಂತ, ಲೇತಿನ ಕೂಲಿಗಿಂತ ಎಷ್ಟೋ ಅಗ್ಗದ ವಸ್ತು ಅದು. ಹೊಸದು ಹಾಕು. ಅದೇ ಒತ್ತಡದ ನಂಬರ್ ಇರೋದನ್ನೇ ಕೇಳಿ ತಗೋ.

ಥರ್ಮೋಸ್ಟಾಟ್ ವಾಲ್ವಿನ ವಿಷಯಕ್ಕೆ ಬಂದರೆ ನನಗೆ ನಿಜವಾಗಲೂ ಸಂಕಟ ಆಗುತ್ತೆ. ನಮ್ಮ ಕಡೆ ಗಾಡಿ ಹೀಟಾಗುತ್ತೆ ಅಂದ ತಕ್ಷಣ ಮೊದಲು ಅದನ್ನ ಕಿತ್ತೆಸೀತಾರೆ, "ನಮ್ಮ ದೇಶದ ಬಿಸಿಲಿಗೆ ಇದು ಬೇಕಿಲ್ಲ" ಅಂತ. ಅದು ಸಾಮಾನ್ಯವಾಗಿ 80 ಡಿಗ್ರಿಯ ಆಸುಪಾಸಿನಲ್ಲಿ ತೆರೆಯೋ ಬಾಗಿಲು. ಇಂಜಿನ್ನನ್ನ ಬೇಗ ಬೆಚ್ಚಗೆ ಮಾಡಿ, ಆಮೇಲೆ ಒಂದೇ ಹದದಲ್ಲಿ ಇಡೋದು ಅದರ ಕೆಲಸ. ಅದನ್ನ ತೆಗೆದರೆ ಶಿರಾಡಿ ಇಳಿಯುವಾಗ ಇಂಜಿನ್ ತಣ್ಣಗಾಗಿ, ಹತ್ತುವಾಗ ಕಾದು, ಹೆಡ್ಡು ದಿನಕ್ಕೆ ಎರಡು ಸಲ ಹಿಗ್ಗಿ ಕುಗ್ಗುತ್ತೆ. ಅದರ ಜೊತೆಗೆ ಕೆಲವು ಇಂಜಿನ್ನಿನಲ್ಲಿ ವಾಲ್ವು ತೆರೆದಾಗ ಬೈಪಾಸ್ ದಾರಿಯನ್ನ ಅದೇ ಮುಚ್ಚಬೇಕು. ವಾಲ್ವೇ ಇಲ್ಲ ಅಂದರೆ ಬಿಸಿನೀರು ರೇಡಿಯೇಟರಿಗೆ ಹೋಗದೆ ಇಂಜಿನ್ನಿನೊಳಗೇ ಸುತ್ತುತ್ತಿರುತ್ತೆ. ನಿನ್ನ ಗಾಡಿಯ ಹಳೇ ಮಾಲೀಕ ಅದನ್ನ ಇಟ್ಟಿದ್ದನೋ ಇಲ್ಲವೋ, ಅದು ಕೂರೋ ಹೌಸಿಂಗಿನ ಬೋಲ್ಟ್ ಬಿಚ್ಚಿ ನೋಡೋವರೆಗೂ ಹೇಳೋಕಾಗಲ್ಲ. ಇದ್ದರೆ ಬಿಸಿನೀರಿನ ಪಾತ್ರೆಯಲ್ಲಿ ದಾರ ಕಟ್ಟಿ ಇಳಿಬಿಡು, ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಅದರ ಮೇಲೆ ಕೆತ್ತಿರೋ ಡಿಗ್ರಿಗೆ ಬಾಯಿ ತೆರೆಯುತ್ತಾ ನೋಡಿಕೋ.

ಉಳಿದದ್ದು ಬೇಗ ಹೇಳ್ತೀನಿ. ರೇಡಿಯೇಟರಿನ ಮುಂದೆ ಕೆಸರು, ಹುಳ, ಹೊಟ್ಟು ಸೇರಿಕೊಂಡು ಗಾಳಿ ಆಡದ ಹಾಗೆ ಆಗಿರುತ್ತೆ. ಹಿಂದಿನಿಂದ ಮುಂದಕ್ಕೆ ಮೆತ್ತಗೆ ನೀರು ಬಿಟ್ಟು ತೊಳೆ. ಸರ್ವೀಸ್ ಸ್ಟೇಷನ್ನಿನ ಜೋರು ಪ್ರೆಷರ್ ಹೊಡೆಸಿದರೆ ರೆಕ್ಕೆಗಳೇ ಮಡಚಿಹೋಗುತ್ತವೆ. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಬಳೆ ಒಡೆದುಹೋಗಿದ್ದರೆ ಹಾಕಿಸು, ಅದಿಲ್ಲದೆ ಫ್ಯಾನು ರೇಡಿಯೇಟರಿನ ಮೂಲಕ ಸರಿಯಾಗಿ ಗಾಳಿ ಎಳೆಯೋದಿಲ್ಲ. ಬೆಲ್ಟಿನ ಬಿಗಿ ನೋಡು. ಆರ್‌ಸಿಯಲ್ಲಿ ಬರೆದ ತೂಕದ ಮೇಲೆ ಹತ್ತು ಮೂಟೆ ಜಾಸ್ತಿ ಹಾಕಿ ಹೆಡ್ಡನ್ನ ಬೈದರೆ ಪ್ರಯೋಜನ ಇಲ್ಲ. ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ ಇಂಜಿನ್ ಹೊಟ್ಟೆ ಹಿಡಿದುಕೊಂಡು ಮುಲುಗ್ತಾ ಇದ್ದರೆ ಎರಡಕ್ಕೆ ಹಾಕು. ಇಂಜಿನ್ ಸರಾಗವಾಗಿ ತಿರುಗಿದರೆ ವಾಟರ್ ಬಾಡಿಯೂ ಫ್ಯಾನೂ ಅದರ ಜೊತೆ ತಿರುಗುತ್ತವೆ.

ದಾರಿಯಲ್ಲಿ ಮುಳ್ಳು ಏರಿತು ಅಂದರೆ ಏನು ಮಾಡಬೇಕು ಅನ್ನೋದು ಬಾಯಿಪಾಠ ಆಗಿರಬೇಕು. ಕೆಂಪು ಮುಟ್ಟೋವರೆಗೆ ಕಾಯಬೇಡ. ದಿನಾ ನಿಲ್ಲೋ ಜಾಗದಿಂದ ಮುಳ್ಳು ಒಂದು ಬೆರಳು ಮೇಲೆ ಹೋದರೂ ಎಡಕ್ಕೆ ಜಾಗ ನೋಡಿ ನಿಲ್ಲಿಸು. ನೀರು ಇದೆ, ಬೆಲ್ಟು ತುಂಡಾಗಿಲ್ಲ ಅಂತ ಗೊತ್ತಿದ್ದರೆ ಒಂದೆರಡು ನಿಮಿಷ ನ್ಯೂಟ್ರಲ್‌ನಲ್ಲಿ ಓಡೋಕೆ ಬಿಡು, ಮುಳ್ಳು ಇಳಿದರೆ ಒಳ್ಳೇದು. ಆವಿ ನುಗ್ತಿದ್ದರೆ, ನೀರು ಚೆಲ್ಲಿದ್ದರೆ ಆ ಕ್ಷಣವೇ ಬಂದ್ ಮಾಡು. ಏರಿದ್ದ ಮುಳ್ಳು ದಿಢೀರ್ ಅಂತ ಕೆಳಕ್ಕೆ ಬಿದ್ದರೆ ಸಂತೋಷಪಡಬೇಡ. ಬಿಸಿ ಅಳೆಯೋ ಸೆನ್ಸರು ನೀರಿನಲ್ಲಿ ಮುಳುಗಿದ್ದರೆ ಮಾತ್ರ ಸರಿ ಹೇಳುತ್ತೆ, ನೀರೆಲ್ಲ ಖಾಲಿಯಾದ ಮೇಲೆ ಅದು ತಣ್ಣಗೆ ತೋರಿಸಿಕೊಂಡು ಕೂತಿರುತ್ತೆ, ಹೆಡ್ಡು ಮಾತ್ರ ಬೇಯ್ತಿರುತ್ತೆ. ಎಷ್ಟೋ ಇಂಜಿನ್ನು ಸತ್ತದ್ದು ಹೀಗೇ.

ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಬೇಡ. ಟವೆಲ್ ಸುತ್ತಿ, ಗೋಣಿಚೀಲ ಹಾಕಿ ಅಂತ ಯಾರು ಹೇಳಿದರೂ ಕೇಳಬೇಡ. ಒಳಗಿರೋದು ನೂರು ಡಿಗ್ರಿ ದಾಟಿದ ನೀರು, ಮುಚ್ಚಳ ಸಡಿಲಾದ ಕೂಡಲೇ ಅದು ಆವಿಯಾಗಿ ಮುಖಕ್ಕೇ ಹೊಡೆಯೋದು. ಅದರಿಂದ ಕಣ್ಣು ಕಳಕೊಂಡವರನ್ನ ನಾನು ಹತ್ತಿರದಿಂದ ಬಲ್ಲೆ. ಮುಕ್ಕಾಲು ಗಂಟೆ, ಒಂದು ಗಂಟೆ ಕಾಯಿ. ಮೇಲಿನ ಹೋಸು ಕೈಲಿ ಹಿಡಿಯೋ ಹಾಗಾದ ಮೇಲೆ ತೆಗಿ. ಕೆಂಪುಹೊಳೆಯಿಂದ ಬಕೆಟ್ ತುಂಬಿ ತಂದು ಕಾದ ಇಂಜಿನ್ನಿಗೆ ಸುರಿಯೋದೂ ಬೇಡ. ಕಾದ ಬೀಡಿನ ಮೇಲೆ ತಣ್ಣೀರು ಬಿದ್ದರೆ ಗ್ಯಾಸ್ಕೆಟ್ ಉಳಿದರೂ ಹೆಡ್ಡು ಬಿರುಕು ಬಿಡುತ್ತೆ.

ರೇಡಿಯೇಟರಿಗೆ ಅರಿಶಿನದ ಪುಡಿ ಹಾಕೋ ಉಪಾಯ ನಿನಗೂ ಯಾರಾದರೂ ಹೇಳಿರ್ತಾರೆ. ರೇಡಿಯೇಟರಿನಲ್ಲಿ ಸೂಜಿಮೊನೆಯಷ್ಟು ತೂತಾಗಿ, ಕಾಡಿನ ನಡುವೆ ನಿಂತಿದ್ದಾಗ ಊರು ಸೇರೋಕೆ ಅದು ಆಗಬಹುದು. ಸುಟ್ಟ ಹೆಡ್ ಗ್ಯಾಸ್ಕೆಟ್ಟನ್ನ ಅರಿಶಿನವೂ ಮುಚ್ಚಲ್ಲ, ಅಂಗಡಿಯ ಬಾಟಲಿಯಲ್ಲಿ ಬರೋ ದ್ರಾವಣವೂ ಬಾಳಿಕೆ ಬರೋ ಹಾಗೆ ಮುಚ್ಚಲ್ಲ. ಆರು ಟನ್ ತಳ್ಳೋ ಜಾಗ ಅದು. ಆ ಪುಡಿ ಹೋಗಿ ಕೂರೋದು ಮೊದಲೇ ಅರ್ಧ ಕಟ್ಟಿಕೊಂಡಿರೋ ರೇಡಿಯೇಟರ್ ನಾಳದಲ್ಲಿ.

ಬೆಳಗ್ಗೆ ಸೆಲ್ಫ್ ಹೊಡೆದಾಗ ಇಂಜಿನ್ "ಟಕ್" ಅಂತ ಅರ್ಧಕ್ಕೆ ನಿಂತರೆ ಇನ್ನೊಂದು ಸಲ ಹೊಡೆಯಬೇಡ. ರಾತ್ರಿಯೆಲ್ಲ ಸೋರಿದ ನೀರು ಸಿಲಿಂಡರಿನಲ್ಲಿ ತುಂಬಿರುತ್ತೆ. ನೀರು ಅಡಕವಾಗೋ ವಸ್ತುವಲ್ಲ, ಕನೆಕ್ಟಿಂಗ್ ರಾಡೇ ಬಗ್ಗುತ್ತೆ. ನಾಝಲ್ ಬಿಚ್ಚಿ, ನೀರು ಹೊರಗೆ ಹಾಕಿದ ಮೇಲೇ ಮುಂದಿನ ಮಾತು.

ಸರಿ, ಎಲ್ಲಾ ನೋಡಿ ಆಯ್ತು, ಗ್ಯಾಸ್ಕೆಟ್ಟೇ ಹೋಗಿದೆ, ಹೆಡ್ ಬಿಚ್ಚಲೇಬೇಕು. ಬಿಚ್ಚುವಾಗ ನೀನು ಪಕ್ಕದಲ್ಲಿರು. ಇಂಜಿನ್ ರಾತ್ರಿಯೆಲ್ಲ ತಣ್ಣಗಾಗಿರಬೇಕು, ಬಿಸಿ ಹೆಡ್ಡಿನ ಬೋಲ್ಟ್ ಸಡಿಲಿಸಿದರೆ ಅಲ್ಲೇ ಬಾಗುತ್ತೆ. ಬೋಲ್ಟುಗಳನ್ನ ಎರಡೂ ತುದಿಯಿಂದ ನಡುವಿಗೆ ಬರ್ತಾ, ಒಂದೊಂದನ್ನ ಸ್ವಲ್ಪ ಸ್ವಲ್ಪವೇ ಬಿಡಬೇಕು. ಪುಶ್ ರಾಡುಗಳು ಬಂದ ಜಾಗಕ್ಕೇ ವಾಪಸು ಹೋಗಬೇಕು. ಒಂದು ರಟ್ಟಿಗೆ ಎಂಟು ತೂತು ಕೊರೆದು, ನಂಬರ್ ಬರೆದು ಸಿಕ್ಕಿಸಿಡೋಕೆ ಹೇಳು. ಡೀಸೆಲ್ ಪೈಪಿನ ಬಾಯಿಗಳನ್ನ ಬಿಚ್ಚಿದ ತಕ್ಷಣ ಮುಚ್ಚಬೇಕು, ಒಂದು ಕಣ ಮಣ್ಣು ಹೋದರೂ ನಾಝಲ್ ಕೆಡುತ್ತೆ. ಬೀಡಿನ ಹೆಡ್ಡು ಒಬ್ಬರು ಎತ್ತೋ ತೂಕವಲ್ಲ, ಇಬ್ಬರು ಬೇಕು. ಎತ್ತಿದ ಮೇಲೆ ಮುಖ ಅಡಿಯಾಗಿ ನೆಲದ ಮೇಲೆ ಇಡಕೂಡದು, ಎರಡು ಮರದ ತುಂಡಿನ ಮೇಲೆ ಕೂರಿಸಬೇಕು.

ಹಳೇ ಗ್ಯಾಸ್ಕೆಟ್ಟನ್ನ ಎಸೆಯೋಕೆ ಬಿಡಬೇಡ. ಅದನ್ನ ಬೆಳಕಿಗೆ ಹಿಡಿದು ನೋಡು. ಬೆಂಕಿಯ ಉಂಗುರ ಎಲ್ಲಿ ಕಪ್ಪಾಗಿ ಸೀಳಿದೆ? ಎರಡು ಮತ್ತು ಮೂರನೇ ಸಿಲಿಂಡರಿನ ನಡುವೆ ಅಡ್ಡಕ್ಕೆ ಕಪ್ಪು ಗೀಟು ಎಳೆದ ಹಾಗಿದ್ದರೆ ಹೆಡ್ಡು ನಡುವಿನಲ್ಲಿ ಎದ್ದಿದೆ. ಒಂದು ಸಿಲಿಂಡರಿನಿಂದ ನೀರಿನ ತೂತಿನ ಕಡೆಗೆ ದಾರಿ ಬಿದ್ದಿದ್ದರೆ ಗುಳ್ಳೆ ಬರ್ತಿದ್ದದ್ದು ಅಲ್ಲಿಂದ. ಆ ಸಿಲಿಂಡರಿನ ಪಿಸ್ಟನ್ನಿನ ತಲೆ ನೋಡು. ಉಳಿದ ಮೂರರ ಮೇಲೆ ಕರಿ ಕೂತಿರುತ್ತೆ, ಇದು ಮಾತ್ರ ಆವಿಯಲ್ಲಿ ತೊಳೆದ ಹಾಗೆ ಬೆಳ್ಳಗಿರುತ್ತೆ. ನೀರಿನ ತೂತುಗಳ ಸುತ್ತ ಬರೀ ತುಕ್ಕು ತಿಂದು, ಬೆಂಕಿಯ ಗುರುತೇ ಇಲ್ಲದಿದ್ದರೆ ಗ್ಯಾಸ್ಕೆಟ್ಟನ್ನ ತಿಂದದ್ದು ಬೋರ್‌ವೆಲ್ ನೀರು. ಹಳೇ ಗ್ಯಾಸ್ಕೆಟ್ಟಿನಲ್ಲಿ ಅಷ್ಟೊಂದು ಬರೆದಿರುತ್ತೆ, ಓದೋ ತಾಳ್ಮೆ ಇರೋ ಮೆಕ್ಯಾನಿಕ್ಕು ಬೇಕು.

ಆದರೆ ಅದನ್ನ ಕೆರೆಯುವಾಗ ಜೋಪಾನ. ಹಳೇ ಗಾಡಿಗಳ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಇರಬಹುದು. ಅದರ ದೂಳು ಶ್ವಾಸಕೋಶಕ್ಕೆ ಹೋದರೆ ಎಷ್ಟೋ ವರ್ಷ ಕಳೆದ ಮೇಲೆ ಕ್ಯಾನ್ಸರ್ ಆಗಿ ಹೊರಬರುತ್ತೆ. ಒಣಗಿರೋದನ್ನ ಉಜ್ಜೋದು, ಕಂಪ್ರೆಸರ್ ಗಾಳಿ ಹಿಡಿದು ಊದೋದು ಬೇಡ. ಒದ್ದೆ ಮಾಡಿ ಮೆತ್ತಗೆ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಚೀಲದಲ್ಲಿ ಕಟ್ಟಿ ಹಾಕಲಿ. ಗ್ರೈಂಡರಿಗೆ ಎಮರಿ ಡಿಸ್ಕ್ ಹಾಕಿ ಬ್ಲಾಕಿನ ಮುಖ ಪಳಪಳ ಹೊಳೆಸೋದೂ ಬೇಡ. ಕಣ್ಣಿಗೆ ಚಂದ ಕಾಣುತ್ತೆ, ಅಲ್ಲಲ್ಲಿ ತಗ್ಗು ಬಿದ್ದಿರುತ್ತೆ, ಆ ಎಮರಿ ಪುಡಿ ಆಯಿಲಿನ ದಾರಿಗೆ ಬಿದ್ದು ಬೇರಿಂಗ್ ತಿನ್ನುತ್ತೆ.

ಆಮೇಲೆ ಹೆಡ್ಡಿನ ಮೇಲೆ ಸ್ಟ್ರೈಟ್ ಎಡ್ಜ್ ಇಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಫೀಲರ್ ಗೇಜ್ ತೂರಿಸಿ ನೋಡಬೇಕು. ಎಷ್ಟು ಬಾಗಿದ್ದರೆ ಒಪ್ಪಬಹುದು ಅನ್ನೋದು ಕಂಪನಿಯ ಮ್ಯಾನ್ಯುಯಲ್ಲಿನಲ್ಲಿರುತ್ತೆ. ಸಾಮಾನ್ಯವಾಗಿ 0.1 ಮಿ.ಮೀ. ದಾಟಿದರೆ ಲೇತಿಗೆ ಕಳಿಸಿ ಫೇಸಿಂಗ್ ಹೊಡೆಸಬೇಕು. ಬ್ಲಾಕಿನ ಮುಖವನ್ನೂ ಹೀಗೇ ಅಳೆಯಲಿ, ಬಹಳ ಜನ ಅದನ್ನ ಮರೀತಾರೆ. ಫೇಸಿಂಗ್‌ಗೆ ಕಳಿಸೋ ಮುಂಚೆ ಹೆಡ್ಡಿಗೆ ನೀರಿನ ಒತ್ತಡ ಕೊಟ್ಟು ಬಿರುಕು ಇದೆಯಾ ಅಂತ ಪರೀಕ್ಷೆ ಮಾಡಿಸು. ವಾಲ್ವುಗಳ ನಡುವೆ ಕೂದಲಿನಷ್ಟು ಬಿರುಕಿದ್ದರೆ ಫೇಸಿಂಗ್ ಖರ್ಚೂ ಗ್ಯಾಸ್ಕೆಟ್ ಖರ್ಚೂ ಎರಡೂ ದಂಡ. ಎಷ್ಟು ತೆಗೆದರು ಅಂತ ಲೇತಿನವರ ಹತ್ತಿರ ಬರೆಸಿಕೋ. ಡೀಸೆಲ್ ಇಂಜಿನ್ನಿನಲ್ಲಿ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಇರೋ ಸಂದಿ ಬಹಳ ಕಡಿಮೆ. ಹೆಡ್ಡು ಮಿತಿಗಿಂತ ತೆಳುವಾದರೆ ಅವೆರಡೂ ಗುದ್ದಾಡುತ್ತವೆ. ಕೆಲವು ಡೀಸೆಲ್ ಇಂಜಿನ್ನಿಗೆ ಬೇರೆ ಬೇರೆ ದಪ್ಪದ ಗ್ಯಾಸ್ಕೆಟ್ ಬರುತ್ತೆ, ಅಂಚಿನಲ್ಲಿ ಒಂದು ತೂತು, ಎರಡು ತೂತು ಅಂತ ಗುರುತು ಇರುತ್ತೆ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸೋದಾದರೂ ಇಂಜಿನ್ ನಂಬರು ಕೊಟ್ಟು, ಹಳೇದರ ಫೋಟೋ ಕಳಿಸಿ, ಬಿಲ್ ಸಮೇತ ತರಿಸು.

ಇನ್ನು ಎಲ್ಲರೂ ಹಗುರವಾಗಿ ತಗೊಳ್ಳೋದು ಬೋಲ್ಟಿನ ತೂತು. ಹೆಡ್ ಎತ್ತುವಾಗ ನೀರು, ಆಯಿಲು ಅದರೊಳಗೆ ಇಳಿದಿರುತ್ತೆ. ಅದರ ಮೇಲೇ ಬೋಲ್ಟ್ ಬಿಗಿದರೆ ಕೆಳಗಿನ ನೀರು ಹೋಗೋಕೆ ಜಾಗ ಇಲ್ಲದೆ ಬ್ಲಾಕನ್ನೇ ಸೀಳಬಹುದು. ಸೀಳದಿದ್ದರೂ ವ್ರೆಂಚು "ಬಿಗಿ ಆಯ್ತು" ಅನ್ನುತ್ತೆ, ಹೆಡ್ಡು ಮಾತ್ರ ಕೂತಿರಲ್ಲ. ಒಂದೊಂದು ತೂತನ್ನೂ ಬಟ್ಟೆ ತೂರಿಸಿ ಒಣಗಿಸಿ, ಒಳಗಿನ ಥ್ರೆಡ್ಡನ್ನ ಸ್ವಚ್ಛ ಮಾಡಿ, ಬೋಲ್ಟು ಕೈಯಲ್ಲೇ ಕೊನೆವರೆಗೂ ತಿರುಗುತ್ತಾ ಅಂತ ನೋಡಬೇಕು. ಡಿಗ್ರಿ ಲೆಕ್ಕದಲ್ಲಿ ತಿರುಗಿಸಿ ಬಿಗಿಯೋ ಜಾತಿಯ ಬೋಲ್ಟಾದರೆ ಅವು ಒಮ್ಮೆ ಬಿಗಿದಾಗಲೇ ಹಿಗ್ಗಿರುತ್ತವೆ, ಹೊಸದೇ ಹಾಕಬೇಕು. ಗ್ಯಾಸ್ಕೆಟ್ಟಿಗೆ ಪೇಸ್ಟ್ ಬಳಿಯೋದು ನಮ್ಮ ಕಡೆ ಒಂದು ರೂಢಿ. ಮ್ಯಾನ್ಯುಯಲ್ಲಿನಲ್ಲಿ ಹೇಳದೆ ಇದ್ದರೆ ಅದು ಬೇಡ, ಈಗಿನ ಗ್ಯಾಸ್ಕೆಟ್ಟುಗಳಿಗೆ ಬೇಕಾದ ಲೇಪ ಕಂಪನಿಯಲ್ಲೇ ಆಗಿರುತ್ತೆ. "ಟಾಪ್" ಅಂತ ಬರೆದ ಮುಖ ಮೇಲಿರಬೇಕು. ತಲೆಕೆಳಗಾಗಿ ಹಾಕಿದರೆ ಆಯಿಲ್ ತೂತು ಮುಚ್ಚಿಹೋಗಬಹುದು.

ಬಿಗಿಯೋದು ಟಾರ್ಕ್ ವ್ರೆಂಚಿನಲ್ಲಿ. "ನನ್ನ ಕೈಗೆ ಗೊತ್ತು" ಅನ್ನೋ ಮೆಕ್ಯಾನಿಕ್ಕಿಗೆ ಗೌರವ ಕೊಡು, ಹೆಡ್ಡು ಮಾತ್ರ ಕೊಡಬೇಡ. ಚಾಪೆಯ ಸುಕ್ಕು ಬಿಡಿಸುವಾಗ ನಡುವಿನಿಂದ ಅಂಚಿಗೆ ಕೈ ಎಳೆಯೋ ಹಾಗೆ, ನಡುವಿನ ಬೋಲ್ಟಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗಬೇಕು. ಒಂದೇ ಏಟಿಗೆ ಪೂರ್ತಿ ಬಿಗಿಯದೆ ಮೂರು ಸುತ್ತಿನಲ್ಲಿ ಮುಗಿಸಬೇಕು. ಎಷ್ಟು ಬಿಗಿ, ಯಾವ ಕ್ರಮ ಅನ್ನೋದನ್ನ ನಿನ್ನ ಇಂಜಿನ್ನಿನ ಮ್ಯಾನ್ಯುಯಲ್ ನೋಡಿಯೇ ಮಾಡಲಿ. ಪಕ್ಕದ ಗಾಡಿಯ ಲೆಕ್ಕ ಇದಕ್ಕೆ ಬೇಡ. ಆಮೇಲೆ ಟ್ಯಾಪೆಟ್ ಸೆಟ್ಟಿಂಗ್ ಮಾಡಲೇಬೇಕು, ಹೆಡ್ಡು ಕೂತ ಎತ್ತರ ಬದಲಾಗಿರುತ್ತೆ.

ಹೊಸ ಆಯಿಲು, ಹೊಸ ಫಿಲ್ಟರು ಹಾಕದೆ ಸ್ಟಾರ್ಟ್ ಮಾಡಿಸಬೇಡ. ಕೂಲೆಂಟ್ ಬೆರೆತ ಆಯಿಲು ಬೇರಿಂಗಿಗೆ ವಿಷ. ನೀರು ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಳ್ಳದ ಹಾಗೆ ನಿಧಾನವಾಗಿ ತುಂಬಿ, ಮುಚ್ಚಳ ತೆಗೆದಿಟ್ಟೇ ಥರ್ಮೋಸ್ಟಾಟ್ ತೆರೆಯೋವರೆಗೆ ಐಡ್ಲಿಂಗ್‌ನಲ್ಲಿ ಓಡಿಸಿ, ಮಟ್ಟ ಇಳಿದ ಹಾಗೆ ತುಂಬ್ತಾ ಹೋಗಬೇಕು. ಮೊದಲ ಲೋಡು ಶಿರಾಡಿಗೆ ಬೇಡ. ಖಾಲಿ ಗಾಡಿಯಲ್ಲಿ ಹಾಸನಕ್ಕೆ ಹೋಗಿ ಬಾ, ರಾತ್ರಿ ತಣ್ಣಗಾಗಲಿ, ಬೆಳಗ್ಗೆ ನೀರಿನ ಮಟ್ಟ ನೋಡಿ ಡೈರಿಯಲ್ಲಿ ಬರಿ. ಹಳೇ ಬಗೆಯ ಗ್ಯಾಸ್ಕೆಟ್ಟಾದರೆ, ಮ್ಯಾನ್ಯುಯಲ್ಲಿನಲ್ಲಿ ಮರುಬಿಗಿ ಅಂತ ಬರೆದಿದ್ದರೆ, ಅಲ್ಲಿ ಹೇಳಿದಷ್ಟು ಕಿಲೋಮೀಟರಿಗೆ ಮತ್ತೆ ವ್ರೆಂಚ್ ಹಾಕಿಸು, ಟ್ಯಾಪೆಟ್ಟನ್ನೂ ಇನ್ನೊಮ್ಮೆ ನೋಡಿಸು. ಡಿಗ್ರಿ ಲೆಕ್ಕದಲ್ಲಿ ಬಿಗಿದದ್ದಾದರೆ ಮುಟ್ಟಬಾರದು. ಮೊದಲು ಆಯಿಲಿನಲ್ಲಿ ನೀರು ಸೇರಿತ್ತು ಅಂದರೆ 500 ಕಿ.ಮೀ. ಓಡಿಸಿ ಆಯಿಲನ್ನೂ ಫಿಲ್ಟರನ್ನೂ ಇನ್ನೊಂದು ಸಲ ಬದಲಾಯಿಸು. ಮೂಲೆಯಲ್ಲಿ ಉಳಿದದ್ದೆಲ್ಲ ಆಗ ಹೊರಬರುತ್ತೆ.

ಇಷ್ಟಕ್ಕೆಲ್ಲ "ನಾಳೆ ಸಂಜೆ" ಸಾಲದು ಅಂತ ನಿನಗೇ ಗೊತ್ತಾಗಿರಬೇಕು. ಲೇತಿನ ಸರದಿ ನೋಡಿಕೊಂಡು ನಾಲ್ಕು ದಿನ ಬಿಡು. ಆ ನಾಲ್ಕು ದಿನದ ಬಾಡಿಗೆ ಹೋಗುತ್ತೆ ಅಂತ ನಿಮ್ಮಪ್ಪ ಪೇಚಾಡಿಕೊಂಡ. ಬ್ಯಾಂಕಿನ ಕಂತಿನ ಚಿಂತೆ ನನಗೂ ಅರ್ಥ ಆಗುತ್ತೆ. ಅವಸರ ಮಾಡಿ ಕೂರಿಸಿದ ಹೆಡ್ಡು ಮುಂದಿನ ಶುಂಠಿ ಸೀಸನ್ನಿನ ನಡುವೆ ಕೈಕೊಟ್ಟರೆ ಹೋಗೋದು ಅದಕ್ಕಿಂತ ಜಾಸ್ತಿ. ಈ ತಿಂಗಳ ಕಂತಿಗೆ ಕಡಿಮೆ ಬಿದ್ದರೆ ನನಗೆ ಹೇಳು, ಸಂಕೋಚ ಬೇಡ.

ಒಂದು ಮಾತು ಉಳಿದಿದೆ. ಹಳೇ ಕೂಲೆಂಟ್ ಇಳಿಸುವಾಗ ಅಂಗಳದಲ್ಲಿ ಸುರಿಯೋಕೆ ಬಿಡಬೇಡ. ಅದು ರುಚಿಗೆ ಸಿಹಿ, ನಾಯಿ ನೆಕ್ಕುತ್ತೆ. ಸ್ವಲ್ಪವೇ ಹೊಟ್ಟೆಗೆ ಹೋದರೂ ಮೂತ್ರಪಿಂಡ ಹಾಳಾಗಿ ಸಾಯುತ್ತೆ, ಮಕ್ಕಳಿಗೂ ಅದೇ ಅಪಾಯ. ಬಾಯಿ ಅಗಲದ ಬಾಣಲೆಗೆ ಇಳಿಸಿ, ಡಬ್ಬಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಮೇಲೆ ದೊಡ್ಡಕ್ಷರದಲ್ಲಿ "ವಿಷ" ಅಂತ ಬರೆದು ಎತ್ತರದ ಅಟ್ಟದಲ್ಲಿಡು. ಕುಡಿಯೋ ನೀರಿನ ಬಾಟಲಿಗೆ ಮಾತ್ರ ಯಾವ ಕಾರಣಕ್ಕೂ ತುಂಬಬೇಡ. ನಿಮ್ಮಕ್ಕನ ಮಗು ಈಗ ನಡೆಯೋಕೆ ಶುರು ಮಾಡಿದೆ ಅಂತ ನಿಮ್ಮಮ್ಮ ಹೇಳ್ತಿದ್ದಳು.

ನಿನ್ನ ದೊಡ್ಡಪ್ಪ